ಯೌವನಸ್ಥರ ನಡುವೆ ಸಭೆಯ ಸೇವೆ: ಹೊಸದೆಂಬುದು ಯಾವುದು?



ಈ ಸ್ಮರಣ ಸಂಚಿಕೆಗೆ ಒಂದು ಪಾಠವನ್ನು ಬರೆದುಕೊಡಬೇಕೆಂದು ನಮ್ಮ ಶಾಲೆಯ ಸಂಪಾದಕ ಮಂಡಲಿಯವರು ಕೇಳಿಕೊಂಡಾಗ ವಿಷಯವನ್ನೂ ತಾವೇ ಗೊತ್ತುಮಾಡಿ ಕಳುಹಿಸಿದರು. ಹೊಸ ತಲೆಮಾರಿನ ಯೌವನಸ್ಥರಿಗಾಗಿ ಸಭೆಯ ಸೇವೆಯನ್ನು ಹೊಸದುಮಾಡುವುದು ಹೇಗೆಂಬುದೇ ಆ ವಿಷಯವಾಗಿದ್ದಿತು. ಇಪ್ಪತ್ತೆರಡು ವರ್ಷಗಳಿಂದ ಆದಿತ್ಯವಾರದ ಶಾಲೆಯಲ್ಲಿ ದೊಡ್ಡ ಹುಡುಗಿಯರ ತರಗತಿಯನ್ನು ನಡಿಸುತ್ತಾ ಬಂದವಳಿಗೆ ಈ ಮಾತು ಹೊಸದೇನಲ್ಲ. ಪ್ರತಿವರ್ಷದ ಸಭಾಕಮಿಟಿಯಲ್ಲಿಯೂ ಇದು ಏಳುವುದುಂಟು. ಎದ್ದೊಡನೆ ಸಾಮಾನುಗಳ ಪಟ್ಟಿಯೊಂದು ಮೇಜಿನ ಮೇಲೆ ಬರುವುದೂ ಉಂಟು. ಪರದೆ, ಪ್ರೊಜೆಕ್ಟರು, ಧ್ವನಿವರ್ಧಕ, ಗಿಟಾರು, ಕೀಬೋರ್ಡು. ಈ ಪಟ್ಟಿಗಳಿಗೆ ನಾನೂ ರುಜು ಹಾಕಿದವಳೇ ಆದುದರಿಂದ ಅವುಗಳನ್ನು ಹಳಿಯುವ ಅಧಿಕಾರ ನನಗಿಲ್ಲ. ಆದರೂ ಸಾಮಾನು ಹೊಸದಾದಷ್ಟಕ್ಕೆ ಸೇವೆಯು ಹೊಸದಾಗುವುದೋ ಎಂಬದನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಪಾಠಕ್ಕೆ ಆಧಾರವಾಗಿ ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದ ಕೊನೆಯ ಭಾಗವನ್ನು ತೆಗೆದುಕೊಳ್ಳಿರಿ. ಪಸ್ಕಹಬ್ಬಕ್ಕಾಗಿ ಯೆರೂಸಲೇಮಿಗೆ ಹೋಗಿದ್ದ ಹನ್ನೆರಡು ವರ್ಷದ ಹುಡುಗನು ಹಿಂದೆ ಉಳಿದುಬಿಟ್ಟನು. ತಂದೆತಾಯಿಗಳು ಹುಡುಕಿಕೊಂಡು ಬಂದು ಮೂರು ದಿನಗಳಾದ ಮೇಲೆ ದೇವಾಲಯದಲ್ಲಿ ಅವನನ್ನು ಕಂಡರು. ಅವನು ಬೋಧಕರ ನಡುವೆ ಕುಳಿತು ಅವರ ಉಪದೇಶವನ್ನು ಕೇಳುತ್ತಲೂ ಅವರಿಗೆ ಪ್ರಶ್ನೆಗಳನ್ನು ಹಾಕುತ್ತಲೂ ಇದ್ದನು. ಚಿಕ್ಕಂದಿನಲ್ಲಿ ಈ ಕಥೆಯನ್ನು ನಮಗೆ ಹೇಳಿಕೊಟ್ಟವರು ಬಾಲಕ ಯೇಸುವಿನ ಜ್ಞಾನವನ್ನೂ ಆಮೇಲೆ ಅವನು ತಂದೆತಾಯಿಗಳಿಗೆ ಅಧೀನನಾಗಿದ್ದದ್ದನ್ನೂ ಎತ್ತಿ ತೋರಿಸಿದರು. ಅದು ಸರಿಯೇ. ಆದರೆ ಈಗೀಗ ಆ ಭಾಗವನ್ನು ಓದುವಾಗ ನನ್ನ ಕಣ್ಣು ಆ ಬೋಧಕರ ಮೇಲೆ ನಿಲ್ಲುವುದು. ಅವರ ಹೆಸರುಗಳನ್ನು ಲೂಕನು ಬರೆಯಲಿಲ್ಲ. ಗಲಿಲಾಯದ ಒಂದು ಸಣ್ಣ ಊರಿನ ಬಡಗಿಯ ಮನೆಯ ಹುಡುಗನು ತಮ್ಮ ನಡುವೆ ಕುಳಿತು ಪ್ರಶ್ನೆ ಕೇಳಲು ಆ ಹಿರಿಯರು ಎಡೆಗೊಟ್ಟರು. ಎದ್ದು ಹೋಗೆಂದು ಯಾರೂ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರಕೊಟ್ಟದ್ದಲ್ಲದೆ ತಾವೂ ಅವನನ್ನು ಕೇಳಿದ್ದಿರಬೇಕು. ಏಕೆಂದರೆ ಅವನ ಉತ್ತರಗಳಿಗೆ ಜನರು ಬೆರಗಾದರೆಂದು ಬರೆದದೆ. ಯೌವನಸ್ಥರ ನಡುವಣ ಸೇವೆಗೆ ಇದಕ್ಕಿಂತ ಹಳೆಯದಾದ ಮಾದರಿ ಹೊಸ ಒಡಂಬಡಿಕೆಯಲ್ಲಿಲ್ಲ.

ಈಗ ಚರಿತ್ರೆಯ ಕಡೆಗೆ ತಿರುಗೋಣ. ನಾವು ಇಂದು ಹಳೆಯ ಕ್ರಮವೆಂದು ಹೇಳುವ ಪ್ರತಿಯೊಂದೂ ಒಂದಾನೊಂದು ದಿನ ಹಿರಿಯರ ಹುಬ್ಬುಗಂಟಿಕ್ಕಿಸಿದ ಹೊಸ ಕ್ರಮವಾಗಿದ್ದಿತು. ಆದಿತ್ಯವಾರದ ಶಾಲೆಯನ್ನೇ ನೋಡಿರಿ. ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ವೃತ್ತಪತ್ರಿಕೆಯನ್ನು ನಡಿಸುತ್ತಿದ್ದ ರಾಬರ್ಟ್ ರೇಕ್ಸ್ ಎಂಬವರು ೧೭೮೦ರಲ್ಲಿ ಅದನ್ನು ತೊಡಗಿಸಿದರು. ಆ ಊರಿನ ಬಡ ಮಕ್ಕಳು ವಾರದ ಆರು ದಿನ ಗುಂಡುಸೂಜಿಯ ಕಾರ್ಖಾನೆ ಮೊದಲಾದ ಕಡೆಗಳಲ್ಲಿ ದುಡಿದು, ಏಳನೆಯ ದಿನದಲ್ಲಿ ಬೀದಿ ಪಾಲಾಗುತ್ತಿದ್ದರು. ರೇಕ್ಸರವರು ಹೆಂಗಸರಿಗೆ ಸಂಬಳಕೊಟ್ಟು ಆ ಮಕ್ಕಳಿಗೆ ಓದಲು ಕಲಿಸಿದರು. ಓದಲು ಕಲಿಸಿದರು ಎಂಬ ಮಾತನ್ನು ಗಮನಿಸಬೇಕು. ಆ ಮಕ್ಕಳಿಗೆ ಇಲ್ಲದ್ದು ಅಕ್ಷರವಾಗಿತ್ತು. ಆದಕಾರಣ ಅವರು ಅಕ್ಷರವನ್ನು ಕೊಟ್ಟರು, ಅಕ್ಷರದ ಮೂಲಕ ದೇವರ ವಾಕ್ಯವನ್ನು ಕೊಟ್ಟರು. ಇದು ಕರ್ತನ ದಿನವನ್ನು ಕೆಡಿಸುವ ಕೆಲಸವೆಂದು ಕೆಲವು ಭಕ್ತರೂ, ಬಡವರು ಓದಲು ಕಲಿತರೆ ದೇಶಕ್ಕೆ ಅಪಾಯವೆಂದು ಕೆಲವು ದೊರೆಗಳೂ ಆಕ್ಷೇಪಿಸಿದರು. ಮುಂದೆ ೧೮೭೦ರ ಕಾಯಿದೆಯಿಂದ ಆ ದೇಶದಲ್ಲಿ ಎಲ್ಲ ಕಡೆಯೂ ದಿನಶಾಲೆಗಳಾಗತೊಡಗಿದ ಮೇಲೆ ಓದಿಸುವ ಕೆಲಸವು ಅಲ್ಲಿಗೆ ಹೋಯಿತು. ಕೊರತೆಯು ತೀರಿದರೂ ಕ್ರಮವು ಉಳಿಯಿತು. ಬೆಂಚು, ಹಾಜರಿಪುಸ್ತಕ, ಬಹುಮಾನ, ಪರೀಕ್ಷೆ, ಇವೆಲ್ಲವೂ ನಮ್ಮ ದೇಶಕ್ಕೂ ಬಂದುವು, ಇಂದಿಗೂ ನಮ್ಮಲ್ಲಿರುವುವು.

ಇತರ ಕ್ರಮಗಳ ಕಥೆಯೂ ಹೀಗೆಯೇ. ಲಂಡನ್ನಿನ ಬಟ್ಟೆಯಂಗಡಿಯಲ್ಲಿ ಗುಮಾಸ್ತರಾಗಿದ್ದ ಜಾರ್ಜ್ ವಿಲಿಯಮ್ಸರವರು ೧೮೪೪ರಲ್ಲಿ ಹನ್ನೆರಡು ಮಂದಿ ಕೂಡಿ ವೈ.ಎಂ.ಸಿ.ಎ.ಯನ್ನು ಸ್ಥಾಪಿಸಿದರು. ಹಳ್ಳಿಯಿಂದ ಬಂದ ಹುಡುಗರು ಬಹು ಹೊತ್ತು ಅಂಗಡಿಯಲ್ಲಿ ದುಡಿದು ರಾತ್ರಿ ಅಂಗಡಿಯ ಮೇಲಟ್ಟದಲ್ಲಿ ಮಲಗುತ್ತಿದ್ದ ಕಾಲವದು. ೧೮೫೫ರಲ್ಲಿ ಮೇರಿ ಜೇನ್ ಕಿನೇರ್ಡ್ ಎಂಬ ಮಹಿಳೆಯು ಕ್ರೈಮಿಯಾ ಯುದ್ಧಕ್ಕೆ ಹೋಗಿಬರುತ್ತಿದ್ದ ದಾದಿಯರಿಗಾಗಿ ಲಂಡನ್ನಿನಲ್ಲಿ ಒಂದು ವಸತಿಗೃಹವನ್ನು ತೆರೆದರು. ಅದೇ ವರ್ಷದಲ್ಲಿ ಎಮ್ಮಾ ರಾಬರ್ಟ್ಸ್ ಎಂಬವರು ಹೆಣ್ಣುಮಕ್ಕಳ ಒಂದು ಪ್ರಾರ್ಥನಾಸಂಘವನ್ನು ಕಟ್ಟಿದರು. ಈ ಎರಡೂ ಕೂಡಿ ವೈ.ಡಬ್ಲ್ಯು.ಸಿ.ಎ. ಆಯಿತು. ದೂರದ ಊರಿಗೆ ಓದಲಿಕ್ಕೂ ದುಡಿಯಲಿಕ್ಕೂ ಹೋಗಿ ಅದರ ವಸತಿಗೃಹದಲ್ಲಿ ತಂಗಿದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಎಷ್ಟು ಮಂದಿಯೋ! ೧೮೯೮ರಲ್ಲಿ ನ್ಯೂಯಾರ್ಕಿನ ಇಕ್ಕಟ್ಟಾದ ಬೀದಿಗಳಲ್ಲಿ ಬೇಸಿಗೆಯ ರಜೆಯಲ್ಲಿ ಮಕ್ಕಳು ಅಲೆದಾಡುವುದನ್ನು ಕಂಡ ಹಾಸ್ ಎಂಬ ಗೃಹಿಣಿಯು, ಬೇರೆ ಸ್ಥಳ ದೊರೆಯದೆ, ಬೀರು ಮಾರುವ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದು ಅಲ್ಲಿ ಬೈಬಲ್ ಪಾಠವನ್ನು ನಡಿಸಿದರು. ನಮ್ಮ ಸಭೆಗಳಲ್ಲಿ ಮೇ ತಿಂಗಳಲ್ಲಿ ನಡೆಯುವ ವಿ.ಬಿ.ಎಸ್. ಶಾಲೆಗೆ ಇದೇ ಮೂಲವೆನ್ನುವರು. ನಮ್ಮಲ್ಲಿ ಯಾರಾದರೂ ಸಾರಾಯಿ ಅಂಗಡಿಯನ್ನು ಬಾಡಿಗೆಗೆ ಕೇಳಿದ್ದರೆ ಕಮಿಟಿಯವರು ಏನನ್ನುತ್ತಿದ್ದರೋ ಊಹಿಸಿಕೊಳ್ಳಿರಿ.

ಆದರೆ ನನ್ನ ಮನಸ್ಸಿಗೆ ಇವೆಲ್ಲಕ್ಕಿಂತ ಹಿಡಿದ ಕಥೆಯು ಮತ್ತೊಂದುಂಟು. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಉತ್ತರ ಇಂಗ್ಲೆಂಡಿನ ಕೆಸಿಕ್ ಎಂಬ ಸಣ್ಣ ಊರಿನಲ್ಲಿ ಆನಿ ಮಾರ್ಸ್ಟನ್ ಎಂಬ ಯುವತಿಯು ಆದಿತ್ಯವಾರದ ಶಾಲೆಯ ಉಪಾಧ್ಯಾಯಿನಿಯಾಗಿದ್ದಳು. ತನ್ನ ತರಗತಿಯ ಹುಡುಗಿಯರು ಮನೆಯಲ್ಲಿ ಸತ್ಯವೇದವನ್ನು ಓದಬೇಕೆಂಬದು ಅವಳ ಆಶೆ. ಓದಿರಿ ಎಂದರೆ ಎಲ್ಲಿಂದ ಓದುವುದು? ಅಷ್ಟು ದೊಡ್ಡ ಗ್ರಂಥವನ್ನು ಕೈಗೆ ತೆಗೆದುಕೊಂಡ ಹುಡುಗಿಗೆ ದಾರಿ ತಿಳಿಯದು. ಆದಕಾರಣ ಅವಳು ದಿನಕ್ಕೊಂದು ಭಾಗವನ್ನು ಆರಿಸಿ, ಪ್ರತಿಯೊಬ್ಬ ಹುಡುಗಿಗೂ ವಾರವಾರಕ್ಕೆ ತನ್ನ ಕೈಯಿಂದಲೇ ಚೀಟಿ ಬರೆದುಕೊಟ್ಟಳು. ಹುಡುಗಿಯರು ಹೆಚ್ಚಿದರು, ಬರೆದು ಬರೆದು ಕೈಸೋತಿತು. ಅವುಗಳನ್ನು ಅಚ್ಚುಹಾಕಿಸಿಕೊಡಬೇಕೆಂದು ಲಂಡನ್ನಿನಲ್ಲಿ ಮಕ್ಕಳ ಸೇವೆಯನ್ನು ನಡಿಸುತ್ತಿದ್ದ ಮಂಡಲಿಗೆ ಬರೆದಳು. ಮೊದಲು ಒಪ್ಪಿಗೆ ದೊರೆಯಲಿಲ್ಲ. ಮತ್ತೆ ಮತ್ತೆ ಬರೆದಳು. ಕಡೆಗೆ ೧೮೭೯ನೆಯ ಏಪ್ರಿಲ್ ಒಂದರಿಂದ ಆ ಓದುವ ಚೀಟಿಗಳು ಅಚ್ಚಾಗತೊಡಗಿದುವು. ಸ್ಕ್ರಿಪ್ಚರ್ ಯೂನಿಯನ್ ಎಂಬ ಸಂಘವು ಅದರಿಂದಲೇ ಹುಟ್ಟಿ ಲೋಕದ ನಾನಾ ದೇಶಗಳಿಗೆ, ನಮ್ಮ ದೇಶಕ್ಕೂ, ಹಬ್ಬಿತು.

ಇದರಲ್ಲಿ ಹೊಸ ಯಂತ್ರವೇನಿತ್ತು? ಒಂದು ಲೇಖನಿ, ಸ್ವಲ್ಪ ಕಾಗದ. ಆ ಕಾಲದ ಯಾವ ಅಂಗಡಿಯಲ್ಲಿಯೂ ಸಿಕ್ಕುತ್ತಿದ್ದ ಸಾಮಾನು. ಅವಳಲ್ಲಿದ್ದದ್ದೂ ಲಂಡನ್ನಿನ ಮಂಡಲಿಯವರಲ್ಲಿ ಇಲ್ಲದ್ದೂ ಒಂದೇ: ತನ್ನ ಬೆಂಚಿನ ಮೇಲೆ ಕುಳಿತ ಇಂಥಿಂಥ ಹುಡುಗಿಯರು ಮನೆಗೆ ಹೋದ ಮೇಲೆ ಎಲ್ಲಿ ಎಡವುತ್ತಾರೆಂಬ ತಿಳಿವಳಿಕೆ.

ನಮ್ಮ ಕನ್ನಡನಾಡಿನಲ್ಲಿಯೂ ಇದಕ್ಕೆ ದೃಷ್ಟಾಂತಗಳಿಲ್ಲದಿಲ್ಲ. ಬಾಸೆಲ್ ಮಿಶನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಆ ಕಾಲದಲ್ಲಿ ಹೆಣ್ಣುಮಗಳೊಬ್ಬಳಿಗೆ ಅಕ್ಷರ ಕಲಿಸುವುದೇ ಬಹು ದೊಡ್ಡ ನವೀನತೆಯಾಗಿದ್ದಿತು. ಕನ್ನಡದ ಇಡೀ ಸತ್ಯವೇದವು ಹ್ಯಾಂಡ್ಸ್ ಮತ್ತು ರೀವ್ ಎಂಬ ಲಂಡನ್ ಮಿಶನಿನವರ ಪರಿಶ್ರಮದಿಂದ ಬಳ್ಳಾರಿಯಲ್ಲಿ ೧೮೩೧ರಲ್ಲಿ ಮುಗಿಯಿತು. ಅಷ್ಟಕ್ಕೆ ಅದನ್ನು ಬಿಟ್ಟುಬಿಡಲಿಲ್ಲ. ಜನರ ಕಿವಿಗೆ ಒಗ್ಗುವಂತೆ ಹಿರಿಯರು ಅದನ್ನು ಮೇಲಿಂದ ಮೇಲೆ ತಿದ್ದುತ್ತಾ ಬಂದರು. ೧೮೫೩ರಲ್ಲಿ ಈ ದೇಶಕ್ಕೆ ಬಂದು, ೧೮೯೪ರಲ್ಲಿ ಪ್ರಕಟವಾದ ಮಹಾನಿಘಂಟಿನಿಂದ ಹೆಸರಾದ ಕಿಟ್ಟೆಲ್ ಪಂಡಿತರು, ಅದಕ್ಕೂ ಬಹಳ ಮೊದಲೇ ಕ್ರಿಸ್ತಚರಿತೆಯನ್ನು ನಮ್ಮ ದೇಶದ ಛಂದಸ್ಸುಗಳಲ್ಲಿ ಹಾಡಿ ‘ಕಥಾಮಾಲೆ’ ಎಂಬ ಕಾವ್ಯವನ್ನು ರಚಿಸಿದರು. ಜರ್ಮನ್ ರಾಗದ ಸಂಗೀತಗಳನ್ನು ಮಾತ್ರ ಹಾಡಿದರೆ ಕನ್ನಡಿಗನ ಎದೆಗೆ ಇಳಿಯದೆಂದು ಒಬ್ಬ ಜರ್ಮನಿಯವರಿಗೆ ತೋರಿತು. ನಮ್ಮ ಮಕ್ಕಳು ಇಂದು ಇಂಗ್ಲಿಷಿನ ಹಾಡುಗಳನ್ನು ಫೋನಿನಲ್ಲಿ ಕೇಳಿ ಕಲಿತು ಹಾಡುವರು. ಹಾಡಲಿ. ಆದರೆ ಅದನ್ನೇ ಆಧುನಿಕತೆಯೆಂದು ಮೆರೆಸುವವರು, ಯಾರ ಭಾಷೆಯಲ್ಲಿ ಯಾರು ಅಳುವರೆಂದು ಒಮ್ಮೆ ಕೇಳಿಕೊಳ್ಳಬೇಕು. ಈ ವಿಷಯಕ್ಕೆ ಮುಂದೆ ಬರುತ್ತೇನೆ.

ಈಗ ನನ್ನ ಸ್ವಂತ ತಪ್ಪೊಂದನ್ನು ಹೇಳದಿದ್ದರೆ ಈ ಪಾಠವು ಪೊಳ್ಳಾದೀತು. ೨೦೧೭ರ ಮಳೆಗಾಲದಲ್ಲಿ ನಮ್ಮ ತರಗತಿಯಲ್ಲಿ ದಶಾಜ್ಞೆಗಳ ಪಾಠವು ನಡೆಯುತ್ತಿದ್ದಿತು. ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯ ದಿನ. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು, ಎಂದೂ ಬಾಯಿ ಬಿಡದವಳು, ಎದ್ದುನಿಂತಳು. “ಟೀಚರ್, ದಿನಾಲೂ ಕುಡಿದು ಬಂದು ಅವ್ವನನ್ನು ಹೊಡೆಯುವ ಅಪ್ಪನಿಗೂ ಈ ಆಜ್ಞೆ ಸಲ್ಲುತ್ತದೇನ್ರಿ?” ಎಂದು ಕೇಳಿದಳು. ಗಂಟೆ ಬಾರಿಸಲು ಹತ್ತು ನಿಮಿಷ ಉಳಿದಿದ್ದಿತು. ವಾರ್ಷಿಕ ಪರೀಕ್ಷೆಯು ಹತ್ತಿರವಾಗಿದ್ದು ಇನ್ನೂ ಎರಡು ಪಾಠಗಳನ್ನು ಮುಗಿಸಬೇಕಾಗಿತ್ತು. “ಅದು ಇವತ್ತಿನ ಪಾಠದಲ್ಲಿಲ್ಲವ್ವ, ಕುಳಿತುಕೋ” ಎಂದು ನಾನು ಹೇಳಿದೆನು. ಅವಳು ಕುಳಿತುಕೊಂಡಳು. ಮುಂದೆ ಎರಡು ಆದಿತ್ಯವಾರ ಬಂದಳು, ಮೂರನೆಯದಕ್ಕೆ ಬರಲಿಲ್ಲ. ಆ ವರ್ಷದ ಕ್ರಿಸ್ಮಸ್ಸಿಗೆ ನಮ್ಮ ಸಭೆಯಲ್ಲಿ ಪ್ರೊಜೆಕ್ಟರು ಬಂದಿತು. ಅದರ ಬೆಳಕಿನಲ್ಲಿ ಕುಳಿತವರಲ್ಲಿ ಅವಳು ಇರಲಿಲ್ಲ.

ಉತ್ತರವು ಸತ್ಯವೇದದಲ್ಲಿ ಇಲ್ಲದೆ ಇರಲಿಲ್ಲ. ಸೌಲನ ಮಗನಾದ ಯೋನಾತಾನನನ್ನು ನೋಡಿರಿ. ತಂದೆಯು ದಾವೀದನನ್ನು ಕೊಲ್ಲಬೇಕೆಂದಾಗ ಅವನು ತಂದೆಯ ಮಾತನ್ನು ಕೇಳಲಿಲ್ಲ. ಎದುರು ಮಾತಾಡಿದನು, ದಾವೀದನನ್ನು ತಪ್ಪಿಸಿ ಕಳುಹಿಸಿದನು. ಆದರೂ ಕಡೆಯ ಯುದ್ಧದಲ್ಲಿ ತಂದೆಯೊಡನೆಯೇ ಇದ್ದನು. ಸನ್ಮಾನವೆಂದರೆ ಕೆಡುಕಿಗೆ ತಲೆಬಾಗುವುದಲ್ಲವೆಂಬದಕ್ಕೆ ಇದಕ್ಕಿಂತ ಸ್ಪಷ್ಟವಾದ ಕಥೆ ಬೇಕೇ? ಕುಡುಕನೂ ಒರಟನೂ ಆದ ನಾಬಾಲನ ಹೆಂಡತಿ ಅಬೀಗೈಲಳು ಗಂಡನಿಗೆ ತಿಳಿಸದೆ ಹೊರಟುಹೋಗಿ ತನ್ನ ಮನೆಯವರೆಲ್ಲರ ಪ್ರಾಣವನ್ನು ಉಳಿಸಿದಳು. ಇವೆರಡೂ ಕಥೆಗಳು ನನಗೆ ಬಾಯಿಪಾಠವಾಗಿದ್ದುವು. ಅಲ್ಲದೆ ಮನೆಯೊಳಗಿನ ಹಿಂಸೆಯಿಂದ ಹೆಂಗಸರನ್ನು ಕಾಪಾಡುವ ಕಾಯಿದೆಯು ೨೦೦೫ರಲ್ಲಿಯೇ ಆಗಿದೆ. ಮಕ್ಕಳ ಸಹಾಯಕ್ಕೆ ೧೦೯೮ ಎಂಬ ಸಂಖ್ಯೆಗೂ ಹೆಂಗಸರ ಸಹಾಯಕ್ಕೆ ೧೮೧ ಎಂಬ ಸಂಖ್ಯೆಗೂ ಫೋನು ಮಾಡಬಹುದು. ಇವು ನನಗೆ ಆಗ ತಿಳಿದಿರಲಿಲ್ಲ. ಆದಿತ್ಯವಾರದ ಶಾಲೆಯ ಉಪಾಧ್ಯಾಯಿನಿಗೆ ಇವೂ ತಿಳಿದಿರಬೇಕೆಂದು ಈಗ ಎಣಿಸುತ್ತೇನೆ. ಈಚೆಗೆ ಆ ಹುಡುಗಿಯನ್ನು ಬಸ್ ನಿಲ್ದಾಣದಲ್ಲಿ ಕಂಡೆನು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳಂತೆ. “ಆರಾಮ ಇದ್ದೀರೇನ್ರಿ ಟೀಚರ್” ಎಂದು ಬಹು ಮರ್ಯಾದೆಯಿಂದ ಮಾತಾಡಿಸಿ ಬಸ್ ಹತ್ತಿದಳು. ಅವಳ ತಾಯಿಯು ಹೇಗಿದ್ದಾರೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಇದಾದ ಮೇಲೆ ನಾವು ಮಾಡಿದ್ದು ಅಲ್ಪವೇ. ಬಿಸ್ಕತ್ತಿನ ಹಳೆಯ ಡಬ್ಬಿಯೊಂದರ ಮುಚ್ಚಳದಲ್ಲಿ ಸೀಳು ಮಾಡಿ ತರಗತಿಯ ಬಾಗಿಲಲ್ಲಿ ಇಟ್ಟೆವು. ಹೆಸರು ಹಾಕದೆ ಪ್ರಶ್ನೆಯನ್ನು ಬರೆದು ಹಾಕಬಹುದು. ಪ್ರತಿ ಆದಿತ್ಯವಾರ ಕಡೆಯ ಇಪ್ಪತ್ತು ನಿಮಿಷ ಅದಕ್ಕೆ ಮೀಸಲು. ಮೊದಲ ತಿಂಗಳು ಬಂದವು ಪರಿಹಾಸ್ಯದ ಚೀಟಿಗಳು. ಎರಡನೆಯ ತಿಂಗಳಿನಿಂದ ನಿಜವಾದ ಪ್ರಶ್ನೆಗಳು ಬಂದುವು. ಕ್ರಿಸ್ತನಲ್ಲಿ ಭೇದವಿಲ್ಲವೆಂದು ಓದಿಸುವ ನಾವು ಮದುವೆಯ ಕಾಲದಲ್ಲಿ ಜಾತಿಯನ್ನು ವಿಚಾರಿಸುವುದೇಕೆ? ನನ್ನ ಗೆಳತಿಯು ಹಿಂದೂ; ನನ್ನ ತಮ್ಮನು ಆಸ್ಪತ್ರೆಯಲ್ಲಿದ್ದಾಗ ಸಭೆಯವರಿಗಿಂತ ಮೊದಲು ಅನ್ನ ತಂದವರು ಅವರ ಮನೆಯವರು; ಅವರ ವಿಷಯದಲ್ಲಿ ದೇವರು ಏನೆನ್ನುವನು? ಜೀವಿಗಳ ವಿಕಾಸದ ಪಾಠವು ಶಾಲೆಯ ಪರೀಕ್ಷೆಯಲ್ಲಿ ಬರುವುದು, ಆದಿಕಾಂಡವು ಇಲ್ಲಿಯ ಪರೀಕ್ಷೆಯಲ್ಲಿ. ಎರಡು ಕಡೆಯೂ ಎರಡು ಉತ್ತರ ಬರೆಯಬೇಕೇ? ಪರೀಕ್ಷೆಯಲ್ಲಿ ನಪಾಸಾದರೆ ಸಾಯಬೇಕೆನಿಸುವುದು, ಇದು ಪಾಪವೋ ರೋಗವೋ? ಇವುಗಳಲ್ಲಿ ಅರ್ಧಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. “ನನಗೆ ತಿಳಿಯದು, ಓದಿಕೊಂಡು ಮುಂದಿನ ವಾರ ಬರುತ್ತೇನೆ” ಎಂದು ಹೇಳಲು ಮೊದಮೊದಲು ನಾಚಿಕೆಯಾಯಿತು. ಕಡೆಯ ಪ್ರಶ್ನೆಯನ್ನು ಮಾತ್ರ ಮುಂದಿನ ವಾರಕ್ಕೆ ಇಡಲಿಲ್ಲ. ಅದೇ ದಿನ ತರಗತಿಯನ್ನು ನಿಲ್ಲಿಸಿ, ಇದು ಪಾಪವೆಂದು ಮುಚ್ಚಿಡತಕ್ಕ ಮಾತಲ್ಲ, ವೈದ್ಯರ ಬಳಿಗೆ ಹೋಗತಕ್ಕ ಮಾತೆಂದು ಎಲ್ಲರ ಮುಂದೆ ಹೇಳಿ, ಬಾಗಿಲ ಬಳಿ ಬಹಳ ಹೊತ್ತು ಕಾದುಕೊಂಡಿದ್ದೆನು. ಎಲ್ಲರೂ ಹೋದ ಮೇಲೆ ಒಬ್ಬಳು ತಿರುಗಿ ಬಂದಳು.

ಎರಡನೆಯ ಸಂಗತಿ. ಅಮೇರಿಕದ ಪೋರ್ಟ್ಲೆಂಡಿನಲ್ಲಿ ಫ್ರಾನ್ಸಿಸ್ ಕ್ಲಾರ್ಕ್ ಎಂಬ ಸಭಾಪಾಲಕರು ೧೮೮೧ರ ಫೆಬ್ರವರಿಯಲ್ಲಿ ಕ್ರಿಶ್ಚಿಯನ್ ಎಂಡೆವರ್ ಎಂಬ ಯೌವನಸ್ಥರ ಸಂಘವನ್ನು ಪ್ರಾರಂಭಿಸಿದರು. ಪ್ರತಿ ಕೂಟದಲ್ಲಿಯೂ ಪ್ರತಿಯೊಬ್ಬ ಸದಸ್ಯನು ಏನಾದರೊಂದು ಪಾಲು ತೆಗೆದುಕೊಳ್ಳಲೇಬೇಕು, ಸುಮ್ಮನೆ ಕುಳಿತು ಹೋಗಕೂಡದು ಎಂಬದು ಅದರ ಪ್ರತಿಜ್ಞೆ. ಪ್ರಾರ್ಥನಾಕೂಟಕ್ಕೆ, ಹೊಸಬರನ್ನು ನೋಡಿಕೊಳ್ಳುವುದಕ್ಕೆ, ಸಂತೋಷಕೂಟಕ್ಕೆ ಎಂದು ಯೌವನಸ್ಥರದೇ ಕಮಿಟಿಗಳು. ಇದನ್ನು ಕೇಳಿದ ಹುಡುಗರು ಮೊದಲು ಹೆದರಿದರಂತೆ. ಆದರೂ ಆ ಸಂಘವು ಕೆಲವೇ ವರ್ಷಗಳಲ್ಲಿ ಲೋಕವನ್ನೆಲ್ಲ ಸುತ್ತಿತು. ಹರೆಯದವರಿಗೆ ಮನರಂಜನೆಯನ್ನು ಕೊಟ್ಟು ಹಿಡಿದಿಡಬೇಕೆಂಬದು ಅಂದಿನ ಹಿರಿಯರ ಎಣಿಕೆ, ಇಂದಿನವರದೂ ಅದೇ. ಕ್ಲಾರ್ಕರವರು ಕೆಲಸವನ್ನು ಕೊಟ್ಟರು.

ಇದನ್ನು ಓದಿ ನಾವೂ ಹುಡುಗಿಯರಿಗೆ ಒಂದು ಕೆಲಸವನ್ನು ಒಪ್ಪಿಸಿದೆವು. ನಮ್ಮ ಸಭೆಯಲ್ಲಿ ಕಣ್ಣು ಕಾಣದೆ ಮನೆಯಲ್ಲಿಯೇ ಇರುವ ಅಜ್ಜಿಯರು ಒಂಬತ್ತು ಮಂದಿ ಇದ್ದರು. ಇಬ್ಬಿಬ್ಬರು ಹುಡುಗಿಯರು ಶನಿವಾರ ಸಾಯಂಕಾಲ ಅವರ ಮನೆಗೆ ಹೋಗಿ ಸತ್ಯವೇದವನ್ನು ಓದಿ ಹೇಳಬೇಕೆಂದು ಗೊತ್ತಾಯಿತು. ಮೊದಲ ವಾರವೇ ದೂರು ಬಂದಿತು, ಹುಡುಗಿಯರಿಂದಲ್ಲ, ಅಜ್ಜಿಯರಿಂದ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳಿಗೆ ಕನ್ನಡದ ಒತ್ತಕ್ಷರಗಳು ನಾಲಿಗೆಗೆ ಸಿಕ್ಕುತ್ತಿರಲಿಲ್ಲ. ಯೆಶಾಯನ ಗ್ರಂಥದ ಒಂದು ಅಧ್ಯಾಯವನ್ನು ಓದುವಷ್ಟರಲ್ಲಿ ಅವರಿಗೆ ಬೆವರು ಬರುತ್ತಿತ್ತು. ನಿಲ್ಲಿಸಿಬಿಡೋಣವೇ ಎಂದು ಯೋಚಿಸಿದೆವು. ಅಷ್ಟರಲ್ಲಿ ಎಂಭತ್ತೇಳು ವರ್ಷದ ಒಬ್ಬ ಅಜ್ಜಿಯವರು ಹಾಸಿಗೆಯಲ್ಲಿ ಕುಳಿತಂತೆಯೇ ತಪ್ಪುಗಳನ್ನು ತಿದ್ದತೊಡಗಿದರು. ಪುಸ್ತಕವು ಹುಡುಗಿಯ ಕೈಯಲ್ಲಿ, ಪಾಠವು ಅಜ್ಜಿಯ ನೆನಪಿನಲ್ಲಿ. ಹುಡುಗಿಯು ಅರ್ಧ ಓದಿ ನಿಂತಲ್ಲಿಂದ ಅಜ್ಜಿಯವರು ಮುಂದುವರಿಸುವರು. ಅಜ್ಜಿಯವರು ಮರೆತಲ್ಲಿ ಹುಡುಗಿಯು ಓದುವಳು. ತಿಮೊಥೆಯ ನಂಬಿಕೆಯು ಮೊದಲು ಅವನ ಅಜ್ಜಿಯಾದ ಲೋವಿಯಲ್ಲಿತ್ತೆಂದು ಪೌಲನು ಬರೆದದ್ದು ಯಾವ ಬಗೆಯ ಮನೆಯನ್ನು ಕುರಿತೆಂದು ಆಗ ನನಗೆ ಸ್ವಲ್ಪ ತಿಳಿಯಿತು. ಮೂರು ತಿಂಗಳಿನಲ್ಲಿ ಆ ಹುಡುಗಿಯರು ಸಭೆಯ ಮುಂದೆ ನಿಂತು ಕನ್ನಡದಲ್ಲಿ ಪಾಠವನ್ನು ಓದಿದರು. ಅದರಲ್ಲೊಬ್ಬಳು, ಅಜ್ಜಿಯವರು ತೀರಿಹೋದಾಗ ಮನೆಯಲ್ಲಿ ಕನ್ನಡದಲ್ಲಿಯೇ ಪ್ರಾರ್ಥನೆಮಾಡಿದಳು. ಇಂಗ್ಲಿಷಿನಲ್ಲಿ ಏಕೆ ಮಾಡಲಿಲ್ಲವೆಂದು ಅವಳನ್ನು ಯಾರೂ ಕೇಳಲಿಲ್ಲ, ಅವಳಿಗೂ ತೋರಲಿಲ್ಲವಂತೆ.

ಫೋನಿನ ವಿಷಯವನ್ನು ಬಿಟ್ಟರೆ ಇಂದಿನ ಪಾಠವಾಗದು. ೨೦೨೦ರ ಮಾರ್ಚ್ ತಿಂಗಳಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ದೇಶದಲ್ಲೆಲ್ಲ ಬಾಗಿಲುಗಳು ಮುಚ್ಚಿದಾಗ ನಮ್ಮ ಆದಿತ್ಯವಾರದ ಶಾಲೆಯೂ ಫೋನಿಗೆ ಹೋಯಿತು. ಎಲ್ಲರಿಗೂ ಎಟಕುವ ಸಾಧನವೆಂದು ನಾವು ಸಂತೋಷಪಟ್ಟೆವು. ಹಾಜರಿಯನ್ನು ತೆಗೆದು ನೋಡಿದರೆ ಹುಡುಗರು ಹೆಚ್ಚು, ಹುಡುಗಿಯರು ಕಡಿಮೆ. ಮನೆಗೊಂದೇ ಫೋನು, ಅದು ಮೊದಲು ತಂದೆಗೆ, ಆಮೇಲೆ ಅಣ್ಣನಿಗೆ, ಮಿಕ್ಕ ಹೊತ್ತಿನಲ್ಲಿ ಹುಡುಗಿಗೆ. ಬೇಕಾದವರಿಗೇ ಎಟಕದ ಸಾಧನವನ್ನು ಹೊಸದೆಂದು ಎಣಿಸಿ ಮೋಸಹೋದೆವು. ಆಗ ಒಬ್ಬ ಹುಡುಗಿಯು ಆನಿ ಮಾರ್ಸ್ಟನಳ ಕೆಲಸವನ್ನೇ, ಅವಳ ಹೆಸರನ್ನು ಕೇಳದೆಯೇ, ಮಾಡಿದಳು. ವಾರದ ಏಳು ಭಾಗಗಳನ್ನು ಚೀಟಿಯಲ್ಲಿ ಬರೆದು ಹಾಲು ಹಾಕುವ ತಮ್ಮನ ಕೈಯಲ್ಲಿ ಮನೆಮನೆಗೆ ಕೊಟ್ಟುಕಳುಹಿಸಿದಳು. ಈಗ ಅವಳು ದಾದಿಯ ತರಬೇತಿಗಾಗಿ ಬೆಂಗಳೂರಿನಲ್ಲಿದ್ದಾಳೆ. ಊರಿನಿಂದ ಅಲ್ಲಿಗೆ ಹೋದ ಹದಿನೇಳು ಹುಡುಗಿಯರಿಗೆ, ಪಾಳಿಯ ಕೆಲಸವಿರುವವರಿಗೆ ಅನುಕೂಲವಾಗುವಂತೆ, ಅದೇ ಚೀಟಿಯನ್ನು ವಾಟ್ಸಪ್ಪಿನಲ್ಲಿ ಓದಿ ಧ್ವನಿಯಾಗಿ ಕಳುಹಿಸುತ್ತಾಳೆ. ನಾಲ್ಕು ನಿಮಿಷದ ಓದು, ಹಿಂದುಗಡೆ ವಸತಿಗೃಹದ ಪಾತ್ರೆಗಳ ಸದ್ದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ನಮ್ಮ ಉಪಾಧ್ಯಾಯರಿಗೆ ಹೇಳಲೇಬೇಕು. ಹಿರಿಯರೊಬ್ಬರು ಮಕ್ಕಳೊಡನೆ ಫೋನಿನಲ್ಲಿ ಒಂಟಿಯಾಗಿ ಮಾತುಕತೆ ನಡಿಸಕೂಡದು. ಏನಿದ್ದರೂ ಇಬ್ಬರು ಉಪಾಧ್ಯಾಯಿನಿಯರಿರುವ ಗುಂಪಿನಲ್ಲಿ, ತಾಯಂದಿರಿಗೆ ತಿಳಿದಿರುವಂತೆ. ಮಕ್ಕಳ ಮೇಲಣ ಲೈಂಗಿಕ ಅಪರಾಧಗಳನ್ನು ತಡೆಯುವ ಪೋಕ್ಸೋ ಕಾಯಿದೆಯು ೨೦೧೨ರಲ್ಲಿಯೇ ಆಯಿತು. ಅಂಥ ಅಪರಾಧವು ತಿಳಿದೂ ತಿಳಿಸದಿರುವುದು ಆ ಕಾಯಿದೆಯ ಪ್ರಕಾರ ಶಿಕ್ಷಾರ್ಹವಾದದ್ದು. ಸಭೆಯ ಮಾನವನ್ನು ಕಾಯುವ ನೆಪದಿಂದ ಮುಚ್ಚಿಡುವ ಪದ್ಧತಿಯು ಎಷ್ಟು ಹಳೆಯದಾದರೂ ಉಳಿಯತಕ್ಕದ್ದಲ್ಲ. ಹೊಸದುಮಾಡಬೇಕಾದವುಗಳಲ್ಲಿ ಇದು ಮೊದಲನೆಯದು. ಇದಕ್ಕೆ ಪ್ರೊಜೆಕ್ಟರು ಬೇಡ.

ಕಡೆಯದಾಗಿ ಕಮಿಟಿಯ ವಿಷಯ. ದಕ್ಷಿಣ ಇಂಡಿಯಾ ಸಭೆಯು ೧೯೪೭ನೆಯ ಸೆಪ್ಟೆಂಬರ್ ೨೭ರಂದು ಮದ್ರಾಸಿನಲ್ಲಿ ಉದಯವಾದಾಗ ಹೆಂಗಸರೊಬ್ಬರು ಅದರ ಬಿಷಪರಾಗುವರೆಂದು ಎಣಿಸಿದವರು ಬಹಳ ಮಂದಿ ಇರಲಾರರು. ೨೦೧೩ರಲ್ಲಿ ಇ. ಪುಷ್ಪಲಲಿತಾ ಅಮ್ಮನವರು ನಂದ್ಯಾಲದ ಬಿಷಪರಾಗಿ ಅಭಿಷಿಕ್ತರಾದರು. ಇಷ್ಟಾದರೂ, ತಲೆತಲಾಂತರದಿಂದ ಆದಿತ್ಯವಾರದ ಶಾಲೆಯನ್ನು ಹೊತ್ತುಬಂದ ಹೆಂಗಸರಿಗೂ ಆ ಶಾಲೆಯಲ್ಲಿ ಬೆಳೆದ ಯೌವನಸ್ಥರಿಗೂ ಊರಿನ ಸಭಾಕಮಿಟಿಯಲ್ಲಿ ಸಿಕ್ಕುವ ಕುರ್ಚಿಗಳು ಬೆರಳೆಣಿಕೆಯವು. ಯೌವನಸ್ಥರಿಗಾಗಿ ಏನು ಮಾಡಬೇಕೆಂದು ನಮ್ಮ ಕಮಿಟಿಯಲ್ಲಿ ಚರ್ಚೆಯಾದ ದಿನ ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಕಿರಿಯಳು ನಾನು, ನನಗೆ ನಲವತ್ತೊಂಬತ್ತು. ಶನಿವಾರದ ಓದಿನ ಕೆಲಸಕ್ಕೆಂದು ಹುಡುಗಿಯರಿಗೆ ಒಪ್ಪಿಸಿದ ಎರಡು ಸಾವಿರ ರೂಪಾಯಿಗಳಲ್ಲಿ ಆಟೋರಿಕ್ಷಾಕ್ಕೆ ಮುನ್ನೂರ ನಲವತ್ತು ಖರ್ಚಾದದ್ದೇಕೆಂದು ಅರ್ಧ ಗಂಟೆ ವಿಚಾರಣೆ ನಡೆಯಿತು. ಹುಡುಗಿಯರು ಬರೆದಿಟ್ಟ ಲೆಕ್ಕದ ಪುಸ್ತಕವನ್ನು ಅಯ್ಯನವರು ಗಟ್ಟಿಯಾಗಿ ಓದಿದರು: ಮಳೆ ಬಂದ ದಿನ, ಅಜ್ಜಿಯವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು, ತಿರುಗಿ ಕರೆತಂದದ್ದು. ಲೆಕ್ಕವು ಪಾಸಾಯಿತು.

ಅದೇ ಕೂಟದಲ್ಲಿ, ಇಪ್ಪತ್ತೈದು ವರ್ಷಕ್ಕೆ ಕಡಿಮೆಯ ವಯಸ್ಸಿನ ಇಬ್ಬರನ್ನು, ಅವರಲ್ಲಿ ಒಬ್ಬಳು ಹುಡುಗಿಯಾಗಿರುವಂತೆ, ಕಮಿಟಿಗೆ ಸೇರಿಸಿಕೊಳ್ಳಬೇಕೆಂದು ತರಗತಿಯವರೆಲ್ಲ ರುಜು ಹಾಕಿದ ಅರ್ಜಿಯೊಂದನ್ನು ನಾನು ಮೇಜಿನ ಮೇಲೆ ಇಟ್ಟೆನು. ಹೊತ್ತಾಯಿತೆಂದು ಅದನ್ನು ಮುಂದಿನ ತಿಂಗಳಿಗೆ ಹಾಕಿದರು. ಮುಂದಿನ ಕೂಟದ ಕಾರ್ಯಸೂಚಿಯು ಮೊನ್ನೆ ಕೈಸೇರಿತು; ಅರ್ಜಿಯು ಏಳನೆಯ ವಿಷಯವಾಗಿದೆ, ಧ್ವನಿವರ್ಧಕದ ದುರಸ್ತಿಯ ನಂತರ.